ಗುಡ್ಡೆ ಇದ್ದಲ್ಲೇ ಇದೆಯೇ? ಕ್ಯಾಮರಾ ಬರೆದಿಟ್ಟ ಮೂವತ್ತಮೂರು ವರ್ಷಗಳ ಲೆಕ್ಕ

ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದ ನಮ್ಮ ಮುಂಬಯಿ ಕನ್ನಡಿಗರನ್ನು ಜೂನ್ ಮೊದಲ ವಾರದಲ್ಲಿ ಯಾವುದಾದರೂ ಸಂಘದ ಸಭೆಯಲ್ಲಿ ಕಂಡು 'ಊರು ಹೇಗಿದೆ?' ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದು ಸಿಗುತ್ತದೆ. 'ಏನೂ ಬದಲಾಗಿಲ್ಲ ಮಾರಾಯ್ರೆ, ಹಾಗೇ ಇದೆ' ಎನ್ನುವವರು ಕೆಲವರು. 'ಗುರುತೇ ಸಿಗುವುದಿಲ್ಲ, ಎಲ್ಲ ಹೋಯಿತು' ಎನ್ನುವವರು ಇನ್ನು ಕೆಲವರು. ಒಂದೇ ಊರಿನಿಂದ ಒಂದೇ ರೈಲಿನಲ್ಲಿ ಮರಳಿದ ಇಬ್ಬರು ಈ ಎರಡು ಉತ್ತರಗಳನ್ನು ಕೊಟ್ಟದ್ದನ್ನೂ ನಾನು ಕೇಳಿದ್ದೇನೆ. ಇಬ್ಬರೂ ಸುಳ್ಳು ಹೇಳಿದವರಲ್ಲ. ಆದರೆ ಇಬ್ಬರ ಕೈಯಲ್ಲೂ ದಾಖಲೆ ಇರಲಿಲ್ಲ, ಅಷ್ಟೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತ. ದಾಖಲೆ ಇಲ್ಲದ ಮಾತನ್ನು ನಂಬದಿರುವುದು ವೃತ್ತಿಯಿಂದ ಅಂಟಿದ ಗುಣ. ಹವ್ಯಾಸದಿಂದ ಛಾಯಾಗ್ರಾಹಕ. ಮದುವೆ, ಮುಂಜಿ, ಸಂಘದ ವಾರ್ಷಿಕೋತ್ಸವಗಳ ಚಿತ್ರ ತೆಗೆಯುವ ಧೈರ್ಯ ನನಗೆ ಎಂದೂ ಬಂದಿಲ್ಲ. ಜನರನ್ನು ನಗಿಸಿ ನಿಲ್ಲಿಸುವುದು ಒಂದು ಕಲೆ, ಅದು ನನಗೆ ಒಲಿಯಲಿಲ್ಲ. ಆದ್ದರಿಂದ ನಗಿಸಬೇಕಿಲ್ಲದ ಗುಡ್ಡ, ಮೋಡ, ಖಾಡಿ, ಗದ್ದೆಗಳ ಕಡೆಗೆ ಕ್ಯಾಮರಾ ತಿರುಗಿಸಿದೆ. ಅವು ಅಲುಗಾಡುವುದಿಲ್ಲ ಎಂಬ ಧೈರ್ಯ ಬೇರೆ. ಅವೂ ಅಲುಗಾಡುತ್ತವೆ ಎಂದು ತಿಳಿಯಲು ನನಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಅದನ್ನು ತಿಳಿಸಿಕೊಟ್ಟ 'ಟೈಮ್ ಲ್ಯಾಪ್ಸ್' ಎಂಬ ವಿದ್ಯೆಯ ಬಗ್ಗೆಯೂ, ಅದರಿಂದ ನನ್ನ ಮನೆಯಲ್ಲಿ ನಡೆದ ಒಂದು ಸಂಗತಿಯ ಬಗ್ಗೆಯೂ ಇಲ್ಲಿ ಹೇಳುತ್ತಿದ್ದೇನೆ.

ಲೆಕ್ಕ ಬಲು ಸರಳ

ಸಿನಿಮಾ ಎಂದರೆ ಸ್ಥಿರ ಚಿತ್ರಗಳ ಸಾಲು ಎಂಬುದು ಎಲ್ಲರಿಗೂ ತಿಳಿದದ್ದೇ. ಸೆಕೆಂಡಿಗೆ 25 ಚಿತ್ರ ತೆಗೆದು, ಸೆಕೆಂಡಿಗೆ 25ರಂತೆಯೇ ತೋರಿಸಿದರೆ ಮನುಷ್ಯ ಮನುಷ್ಯನಂತೆ ನಡೆಯುತ್ತಾನೆ. ತೆಗೆಯುವುದನ್ನು ನಿಧಾನ ಮಾಡಿ, ತೋರಿಸುವುದನ್ನು ಮಾತ್ರ ಅದೇ ವೇಗದಲ್ಲಿ ಇಟ್ಟುಕೊಂಡರೆ ಟೈಮ್ ಲ್ಯಾಪ್ಸ್ ಆಯಿತು. ಐದು ಸೆಕೆಂಡಿಗೊಂದು ಚಿತ್ರ ತೆಗೆದರೆ ಒಂದು ತಾಸಿಗೆ 720 ಚಿತ್ರ; ಅದನ್ನು ತೋರಿಸಲು 29 ಸೆಕೆಂಡು ಸಾಕು. ಒಂದು ತಾಸಿನ ಮೋಡದ ಓಟ ಅರ್ಧ ನಿಮಿಷದಲ್ಲಿ ಕಣ್ಣ ಮುಂದೆ ಹಾದುಹೋಗುತ್ತದೆ.

ಎಷ್ಟು ಹೊತ್ತಿಗೊಂದು ಚಿತ್ರ ಎಂಬುದು ನಾವು ನೋಡಬೇಕಾದ ವಸ್ತುವಿನ ನಡಿಗೆಯನ್ನು ಅವಲಂಬಿಸಿದೆ. ಮೋಡಕ್ಕೆ ಮೂರರಿಂದ ಐದು ಸೆಕೆಂಡು, ಸಮುದ್ರದ ಭರತ ಇಳಿತಕ್ಕೆ ಅರ್ಧ ನಿಮಿಷ, ಮೊಗ್ಗು ಅರಳುವುದಕ್ಕೆ ಕೆಲವು ನಿಮಿಷ, ಹಿಮನದಿಗೆ ಅರ್ಧ ತಾಸು ಅಥವಾ ಒಂದು ತಾಸು. ಗುಡ್ಡಕ್ಕೆ? ಗುಡ್ಡಕ್ಕೆ ವರ್ಷಕ್ಕೊಂದು ಸಾಕು. ಆದರೆ ಆ ವರ್ಷಕ್ಕೊಂದು ಚಿತ್ರವನ್ನು ತಪ್ಪದೆ ತೆಗೆಯುವವರು ಬೇಕು.

ದಾದರಿನ ಬಟಾಣಿ ಗಿಡ

ಈ ವಿದ್ಯೆಗೂ ನಮ್ಮ ಮಹಾನಗರಕ್ಕೂ ನೂರು ವರ್ಷ ಮೀರಿದ ನಂಟಿದೆ. ದಾದರ್ ಪೂರ್ವದ ದಾದಾಸಾಹೇಬ್ ಫಾಲ್ಕೆ ರಸ್ತೆಯಲ್ಲಿ ದಿನವೂ ಓಡಾಡುವ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರ್ಗಾಂವಿನ ಕಾರೋನೇಶನ್ ಚಿತ್ರಮಂದಿರದಲ್ಲಿ ತೆರೆ ಕಂಡದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅವರು ಒಂದು ಪುಟ್ಟ ಚಿತ್ರ ತೆಗೆದಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮರಾವನ್ನು ಅದರ ಮುಂದೆ ನಿಲ್ಲಿಸಿ, ತಿಂಗಳಿಗೂ ಹೆಚ್ಚು ಕಾಲ ಬಿಟ್ಟು ಬಿಟ್ಟು ಚಿತ್ರ ತೆಗೆದು, ಬೀಜ ಮೊಳೆತು ಬಳ್ಳಿಯಾಗುವುದನ್ನು ಒಂದು ನಿಮಿಷದ ಆಸುಪಾಸಿನಲ್ಲಿ ತೋರಿಸಿದ ಆ ಚಿತ್ರಕ್ಕೆ 'ಅಂಕುರಾಚಿ ವಾಢ್', ಅಂದರೆ ಮೊಳಕೆಯ ಬೆಳವಣಿಗೆ ಎಂದು ಹೆಸರು.

ದಿನಕ್ಕೊಂದೇ ಫ್ರೇಮಿನಂತೆ ತೆಗೆದರು ಎಂದು ಬರೆದಿರುವುದುಂಟು. ಗುಮಾಸ್ತನ ಬುದ್ಧಿ ಸುಮ್ಮನಿರಲಿಲ್ಲ, ಕೂಡಿ ಕಳೆದು ನೋಡಿದೆ. ಆ ಕಾಲದ ಮೂಕಿ ಚಿತ್ರಗಳನ್ನು ಸೆಕೆಂಡಿಗೆ 16 ಫ್ರೇಮಿನ ಆಸುಪಾಸಿನಲ್ಲಿ ತೋರಿಸುತ್ತಿದ್ದರು. ಹಾಗಾದರೆ ಒಂದು ನಿಮಿಷಕ್ಕೆ 960 ಫ್ರೇಮು ಬೇಕು. ದಿನಕ್ಕೊಂದರಂತೆ ತಿಂಗಳಿಗೆ ಮೂವತ್ತು ಆದರೆ ಎರಡೇ ಸೆಕೆಂಡು! ಆದ್ದರಿಂದ ಅವರು ದಿನಕ್ಕೆ ಹಲವು ಸಲ ಹಿಡಿಕೆ ತಿರುಗಿಸಿರಲೇಬೇಕು. ಅಂದರೆ ನಾವು ತಿಳಿದದ್ದಕ್ಕಿಂತ ಹೆಚ್ಚೇ ದುಡಿದಿದ್ದರು ಎಂದಾಯಿತು.

ಈ ಚಿತ್ರವನ್ನು ಅವರು ತೋರಿಸಿದ್ದು ಸಾಲ ಕೊಡಬಲ್ಲವರಿಗೆ. ಬಂಗಾರವಲ್ಲ, ಮನೆಪತ್ರವಲ್ಲ, ಒಂದು ಬಟಾಣಿ ಬಳ್ಳಿ! ನಮ್ಮ ಬ್ಯಾಂಕಿನ ಸಾಲ ವಿಭಾಗದಲ್ಲಿ ಇಂಥ ಜಾಮೀನನ್ನು ಯಾರೂ ಒಪ್ಪಲಾರರು. ಆದರೆ ಅದನ್ನು ನೋಡಿದವರಲ್ಲಿ ಕೆಲವರು ಹಣ ಕೊಡಲು ಮುಂದಾದರು. ಭಾರತೀಯ ಚಲನಚಿತ್ರದ ಬೀಜ ಮೊಳೆತದ್ದು ಅಕ್ಷರಶಃ ಕುಂಡದಲ್ಲಿ ಎಂದರೆ ತಪ್ಪಾಗಲಾರದು.

ನಿಂತವನು ಉಳಿದ, ನಡೆದವರು ಅಳಿಸಿಹೋದರು

ಇನ್ನೊಂದು ಚಿತ್ರದ ಕಥೆಯೂ ಇಲ್ಲಿ ಬೇಕು. 1838ರಲ್ಲಿ ಲೂಯಿ ಡಾಗೆರ್ ಪ್ಯಾರಿಸ್ಸಿನ ತನ್ನ ಕಿಟಕಿಯಿಂದ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನರಿಂದ ತುಂಬಿರುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಮಾತ್ರ ಖಾಲಿ ಖಾಲಿ. ಆ ಕಾಲದ ತಗಡಿನ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಅಷ್ಟರೊಳಗೆ ಹಾದುಹೋದವರ ಗುರುತು ಒಂದೂ ಉಳಿಯಲಿಲ್ಲ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದ. ಛಾಯಾಚಿತ್ರದಲ್ಲಿ ದಾಖಲಾದ ಮೊದಲ ಮನುಷ್ಯರಲ್ಲಿ ಅವನೊಬ್ಬ ಎನ್ನುತ್ತಾರೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಚರ್ಚ್‌ಗೇಟ್, ವಿ.ಟಿ. ನಿಲ್ದಾಣಗಳಲ್ಲಿ ಬೂಟು ಪಾಲಿಶ್‌ನವರ ಮುಂದೆ ಕಾಲಿಟ್ಟು ನಿಂತವರನ್ನು ಕಂಡಾಗಲೆಲ್ಲ ನನಗೆ ಈ ಚಿತ್ರ ನೆನಪಾಗುತ್ತದೆ. ಕ್ಯಾಮರಾಕ್ಕೆ ಅವಸರದವರು ಕಾಣುವುದಿಲ್ಲ. ನಿಂತದ್ದು ಕಾಣುತ್ತದೆ. ಟೈಮ್ ಲ್ಯಾಪ್ಸ್‌ನಲ್ಲಾದರೆ, ನಿಂತಂತೆ ಕಂಡು ಮೆಲ್ಲನೆ ಸರಿಯುತ್ತಿರುವುದೂ ಕಾಣುತ್ತದೆ.

ಖಾಡಿಯ ದಂಡೆಯಲ್ಲಿ ಕಲಿತ ಪಾಠ

2010ರಲ್ಲಿ ಡಿಜಿಟಲ್ ಕ್ಯಾಮರಾ ಕೊಂಡ ಮೇಲೆ ನಾನು ಮೊದಲು ಈ ಪ್ರಯೋಗ ಮಾಡಿದ್ದು ಠಾಣೆ ಖಾಡಿಯ ಮೇಲೆ. ಪರಿಚಿತರೊಬ್ಬರ ಕಟ್ಟಡದ ಟೆರೇಸಿನಿಂದ ಖಾಡಿಯ ಕೆಸರು ಬಯಲು ಚೆನ್ನಾಗಿ ಕಾಣುತ್ತಿತ್ತು. ಸೊಸೈಟಿಯ ಕಾರ್ಯದರ್ಶಿಗಳಿಗೆ ಅರ್ಜಿ ಬರೆದು, ವಾಚ್‌ಮನ್‌ಗೆ ಚಹಾ ಕುಡಿಸಿ, ಒಂದು ರವಿವಾರ ಮುಂಜಾನೆ ಟ್ರೈಪಾಡ್ ಇಟ್ಟೆ. ಇಳಿತದಿಂದ ಭರತಕ್ಕೆ ಆರು ತಾಸಿಗಿಂತ ತುಸು ಹೆಚ್ಚು. ಇಪ್ಪತ್ತು ಸೆಕೆಂಡಿಗೊಂದರಂತೆ ಆರು ತಾಸಿಗೆ 1,080 ಚಿತ್ರ, ನೋಡಲು 43 ಸೆಕೆಂಡು.

ಮನೆಗೆ ಬಂದು ಜೋಡಿಸಿ ನೋಡಿದರೆ ಚಿತ್ರ ಹಳೆಯ ಟ್ಯೂಬ್‌ಲೈಟಿನಂತೆ ಮಿಣುಕುತ್ತಿತ್ತು. ಕ್ಯಾಮರಾವನ್ನು ಆಟೋದಲ್ಲಿ ಬಿಟ್ಟಿದ್ದೆ. ಒಂದು ಮೋಡ ಬಂದಾಗ ಅದು ಬೆಳಕು ಹೆಚ್ಚಿಸಿಕೊಳ್ಳುತ್ತದೆ, ಹೋದಾಗ ತಗ್ಗಿಸುತ್ತದೆ. ಬಿಡಿ ಚಿತ್ರದಲ್ಲಿ ಇದು ಉಪಕಾರ, ಸಾಲಿನಲ್ಲಿ ಅಪಕಾರ. ಎರಡನೆಯ ರವಿವಾರ ಎಲ್ಲವನ್ನೂ ಕೈಯಾರೆ ಒಂದೇ ಅಳತೆಗೆ ನಿಲ್ಲಿಸಿದೆ; ಗಾಳಿಗೆ ಟ್ರೈಪಾಡ್ ಅರ್ಧ ಅಂಗುಲ ಸರಿಯಿತು, ಇಡೀ ಖಾಡಿಯೇ ಜಿಗಿದಂತೆ ಕಂಡಿತು. ಮೂರನೆಯ ರವಿವಾರ ಟ್ರೈಪಾಡಿಗೆ ಇಟ್ಟಿಗೆಯ ಚೀಲ ಕಟ್ಟಿದೆ. ಬ್ಯಾಟರಿ ನಾಲ್ಕನೆಯ ತಾಸಿಗೆ ಮುಗಿಯಿತು. ನಾಲ್ಕನೆಯ ರವಿವಾರ ಮನೆಯವಳು ಮಾತು ಬಿಟ್ಟಳು. ಐದನೆಯದರಲ್ಲಿ ಚಿತ್ರ ಬಂತು.

ನೀರು ಬರುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೆ. ಅದು ಒಂದು ಕಡೆಯಿಂದ ಏರಿ ಬರುತ್ತದೆ ಎಂದುಕೊಂಡಿದ್ದೆ. ಚಿತ್ರದಲ್ಲಿ ಕಂಡದ್ದು ಬೇರೆ. ಮೊದಲು ಸಣ್ಣ ಸಣ್ಣ ಕಾಲುವೆಗಳು ಕೈಬೆರಳಿನಂತೆ ತುಂಬಿಕೊಂಡವು, ಆಮೇಲೆ ಬೆರಳುಗಳ ನಡುವಿನ ಕೆಸರು ಒಮ್ಮೆಲೇ ಮುಳುಗಿತು. ಚಳಿಗಾಲದಲ್ಲಿ ಮತ್ತೊಮ್ಮೆ ತೆಗೆದಾಗ ರಾಜಹಂಸಗಳ ಹಿಂಡು ನೀರಿನ ಅಂಚನ್ನೇ ಹಿಡಿದು ಒಂದು ಗುಲಾಬಿ ಗೆರೆಯಂತೆ ಹಿಂದೆ ಸರಿಯುತ್ತಿತ್ತು. ಮುಂದೆ 2015ರಲ್ಲಿ ಈ ಖಾಡಿಯನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು, 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ನನ್ನ ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನೀರನ್ನು ಅಂದಿನಿಂದ ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಹಿಮದ ಮುಂದೆ ನಿಂತ ಕ್ಯಾಮರಾಗಳು

ಈ ವಿದ್ಯೆಯನ್ನು ಸಾಕ್ಷ್ಯವಾಗಿ ಬಳಸಿದವರಲ್ಲಿ ಅಮೆರಿಕದ ಜೇಮ್ಸ್ ಬಲೋಗ್ ಅವರ ಹೆಸರನ್ನು ಹೇಳಲೇಬೇಕು. ಭೂಗೋಳ ಓದಿದ ಈ ಛಾಯಾಗ್ರಾಹಕರು ಭೂಮಿ ಬಿಸಿಯಾಗುತ್ತಿದೆ ಎಂಬ ಮಾತನ್ನು ಒಂದು ಕಾಲದಲ್ಲಿ ತಾವೇ ಅಷ್ಟಾಗಿ ನಂಬಿರಲಿಲ್ಲ ಎಂದು ಒಪ್ಪಿಕೊಂಡವರು. 2007ರಲ್ಲಿ ಅವರು 'ಎಕ್ಸ್‌ಟ್ರೀಮ್ ಐಸ್ ಸರ್ವೇ' ಎಂಬ ಯೋಜನೆ ಆರಂಭಿಸಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾ, ಮೊಂಟಾನಾಗಳ ಹಿಮನದಿಗಳ ಎದುರು ಬಂಡೆಗಳಿಗೆ ಕ್ಯಾಮರಾಗಳನ್ನು ಬಿಗಿದರು. ಸೌರ ಫಲಕದಿಂದ ವಿದ್ಯುತ್ತು, ಹಗಲು ಬೆಳಕಿರುವಷ್ಟು ಹೊತ್ತು ನಿಗದಿತ ಅಂತರದಲ್ಲಿ ಒಂದೊಂದು ಚಿತ್ರ, ಒಂದೊಂದು ಕ್ಯಾಮರಾಕ್ಕೆ ವರ್ಷಕ್ಕೆ ಸುಮಾರು 8,000 ಚಿತ್ರ.

ಮೊದಮೊದಲು ಅವರಿಗೂ ಸೋಲೇ. ಹೊತ್ತು ಅಳೆಯುವ ಯಂತ್ರಗಳು ಕೈಕೊಟ್ಟವು. ತಿಂಗಳುಗಟ್ಟಲೆ ಕಾದು ಹೋಗಿ ನೋಡಿದರೆ ಚಿತ್ರಗಳೇ ಇಲ್ಲ. ರಿಪೇರಿ ಮಾಡಿ, ಮತ್ತೆ ಇಟ್ಟು, ಮತ್ತೆ ಕಾದರು. ಅಲಾಸ್ಕಾದ ಕೊಲಂಬಿಯಾ ಹಿಮನದಿ ಎಷ್ಟು ವೇಗವಾಗಿ ಹಿಂದೆ ಸರಿಯಿತೆಂದರೆ ಅದು ಚಿತ್ರದ ಚೌಕಟ್ಟಿನಿಂದಲೇ ಹೊರಗೆ ಹೋಗಿ, ಕ್ಯಾಮರಾವನ್ನೇ ತಿರುಗಿಸಿ ಇಡಬೇಕಾಯಿತು. ಈ ಕೆಲಸದ ಕುರಿತ 'ಚೇಸಿಂಗ್ ಐಸ್' ಎಂಬ ಸಾಕ್ಷ್ಯಚಿತ್ರ 2012ರಲ್ಲಿ ಬಂತು. ಗ್ರೀನ್‌ಲ್ಯಾಂಡಿನ ಇಲುಲಿಸಾಟ್‌ನಲ್ಲಿ 2008ರ ಮೇ 28ರಂದು 75 ನಿಮಿಷಗಳ ಕಾಲ ಹಿಮದ ಗೋಡೆ ಕುಸಿದು ಸಮುದ್ರಕ್ಕೆ ಬೀಳುವ ದೃಶ್ಯವೂ ಅದರಲ್ಲಿದೆ.

ಕುಸಿತದ ಆ ದೃಶ್ಯ ಎಲ್ಲರನ್ನೂ ಬೆರಗುಗೊಳಿಸುತ್ತದೆ. ನನ್ನನ್ನು ಕಾಡಿದ್ದು ಮಾತ್ರ ಕುಸಿತವಲ್ಲ, ವರ್ಷಗಟ್ಟಲೆ ಯಾವ ಸದ್ದೂ ಇಲ್ಲದೆ ಹಿಂದೆ ಸರಿದ ಆ ನದಿ. ಅದರ ಮುಂದೆ ಯಾರಾದರೂ ಒಂದು ದಿನ ನಿಂತು ನೋಡಿದ್ದರೆ 'ಇದ್ದಲ್ಲೇ ಇದೆ' ಎಂದು ಹೇಳಿ ಬರುತ್ತಿದ್ದರು. ನಮ್ಮ ಅಮ್ಮನೂ ನಮ್ಮ ಮನೆಯ ಹಿಂದಿನ ಗುಡ್ಡದ ಬಗ್ಗೆ ಹಾಗೆಯೇ ಹೇಳುತ್ತಿದ್ದರು.

ನಮ್ಮ ಮನೆಯ ಗುಡ್ಡೆ

ನಮ್ಮದು ಕುಂದಾಪುರ ತಾಲೂಕಿನ ಒಂದು ಒಳಹಳ್ಳಿ. 1993ರ ಮೇ ತಿಂಗಳಲ್ಲಿ, ಸಂಬಳದಲ್ಲಿ ಉಳಿಸಿದ ಹಣದಿಂದ ಕೊಂಡ ಸೆಕೆಂಡ್ ಹ್ಯಾಂಡ್ ಯಾಶಿಕಾ ಕ್ಯಾಮರಾ ಹಿಡಿದು ಊರಿಗೆ ಹೋದೆ. ರೋಲಿನಲ್ಲಿ ಒಂದು ಚಿತ್ರ ಉಳಿದಿತ್ತು. ಬಾವಿಕಟ್ಟೆಯ ಮೂಲೆಯಲ್ಲಿ ನಿಂತು ಮನೆಯ ಹಿಂದಿನ ಗದ್ದೆ, ಅದರಾಚೆಯ ಗುಡ್ಡೆಯನ್ನು ತೆಗೆದೆ. ಗದ್ದೆಯಂಚಿನಲ್ಲಿ ಅಪ್ಪಯ್ಯ ನಿಂತಿದ್ದರು. ಮರುವರ್ಷ ಹೋದಾಗ ಅವರೇ 'ಪಟ ತೆಗೀತ್ಯಾ?' ಎಂದು ಕೇಳಿ ಹೋಗಿ ಅದೇ ಜಾಗದಲ್ಲಿ ನಿಂತರು. ಅಲ್ಲಿಂದ ಅದೊಂದು ಪದ್ಧತಿಯಾಯಿತು. ಬಸ್ಸಿನಲ್ಲಿ ಇಡೀ ದಿನ ಕುಳಿತು ಹೋಗುತ್ತಿದ್ದ ಕಾಲ ಮುಗಿದು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿ, ಯಾಶಿಕಾ ಹೋಗಿ ಡಿಜಿಟಲ್ ಬಂದರೂ ಬಾವಿಕಟ್ಟೆಯ ಆ ಮೂಲೆ ಮಾತ್ರ ಬದಲಾಗಲಿಲ್ಲ. 1999ರಲ್ಲಿ ರಜೆ ಸಿಗಲಿಲ್ಲ. 2020, 2021ರಲ್ಲಿ ಕೊರೊನಾದಿಂದ ಹೋಗಲಾಗಲಿಲ್ಲ. ಉಳಿದಂತೆ 2025ರ ಮೇ ತನಕ ಒಟ್ಟು ಮೂವತ್ತು ಚಿತ್ರಗಳು.

ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಯೋಚನೆ ನನಗೆ ಬಂದದ್ದೇ 2022ರಲ್ಲಿ. ಆಗ ಇಪ್ಪತ್ತೇಳು ಇದ್ದವು. ಹಳೆಯ ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿ, ಗುಡ್ಡೆಯ ತುದಿಯ ಗೆರೆಗೂ ಮನೆಯ ಮಾಡಿನ ಮೂಲೆಗೂ ಹೊಂದಿಸಿ, ಅಣ್ಣನ ಮಗ ಸಾಲಾಗಿ ಜೋಡಿಸಿಕೊಟ್ಟ. ಸೆಕೆಂಡಿಗೆ 25ರಂತೆ ಓಡಿಸಿದರೆ ಒಂದು ಸೆಕೆಂಡಿಗೆ ಎಲ್ಲ ಮುಗಿದುಹೋಯಿತು. ನನ್ನ ಇಡೀ ನೌಕರಿಯ ಕಾಲ ಒಂದು ಸೆಕೆಂಡು! ನಿಧಾನ ಮಾಡಿ ಸೆಕೆಂಡಿಗೆ ಎರಡರಂತೆ ಇಟ್ಟೆವು. ಈಗ ಮೂವತ್ತು ಚಿತ್ರಕ್ಕೆ ಸರಿಯಾಗಿ 15 ಸೆಕೆಂಡು.

ಮೊದಲ ಐದೂವರೆ ಸೆಕೆಂಡು ಅಪ್ಪಯ್ಯ ಇದ್ದಾರೆ. ಪ್ರತಿ ಚಿತ್ರದಲ್ಲೂ ಒಂದಿಷ್ಟು ಬಾಗುತ್ತ, ಒಂದಿಷ್ಟು ಕುಗ್ಗುತ್ತ, ಕೊನೆಗೆ ಒಂದು ಕೋಲು ಹಿಡಿದು. 2004ರ ನಂತರ ಇಲ್ಲ. ಗದ್ದೆ ಕೆಲವು ವರ್ಷ ಗದ್ದೆಯಾಗಿಯೇ ಇದ್ದು, ಆಮೇಲೆ ಬೀಡು ಬಿದ್ದು, ಆಮೇಲೆ ಅಡಿಕೆ ಸಸಿಗಳ ಸಾಲಾಗುತ್ತದೆ. ಸರಿಯಾಗಿ ಅರ್ಧಕ್ಕೆ, 2009ರ ಚಿತ್ರದಲ್ಲಿ, ಗುಡ್ಡೆಯ ಬಲಮಗ್ಗುಲಲ್ಲಿ ಅಂಗೈಯಷ್ಟು ಕೆಂಪು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಚಿತ್ರದಿಂದ ಚಿತ್ರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎಡಕ್ಕೆ ಸರಿಯುತ್ತದೆ. ಕೊನೆಗೆ ಗುಡ್ಡೆಯ ತುದಿಯ ಗೆರೆಯೇ ಒಂದು ಕಡೆ ತಗ್ಗಿಹೋಗಿದೆ.

ಅದು ಕೆಂಪುಕಲ್ಲಿನ ಕೋರೆ. ಕರಾವಳಿಯ ನಮ್ಮ ಮನೆಗಳೆಲ್ಲ ಆ ಕಲ್ಲಿನವೇ. ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲಿಗೆ 1807ರಲ್ಲಿ ಫ್ರಾನ್ಸಿಸ್ ಬುಕಾನನ್ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ. ಹಿಂದೆ ಕೈಯಲ್ಲಿ ಕಡಿಯುತ್ತಿದ್ದರು, ಒಂದು ಮನೆಗೆ ಬೇಕಾದಷ್ಟು ತೆಗೆದು ನಿಲ್ಲಿಸುತ್ತಿದ್ದರು. ಯಂತ್ರ ಬಂದ ಮೇಲೆ ಲೆಕ್ಕ ಲಾರಿಯಲ್ಲಿ.

ಕೋರೆಯವರ ಮೇಲೆ ಸಿಟ್ಟು ಮಾಡುವುದು ಸುಲಭ. ಆದರೆ ಆ ಜಾಗ ನಮ್ಮದೇ. ಅಪ್ಪಯ್ಯ ತೀರಿದ ಮೇಲೆ ಅಣ್ಣಯ್ಯನೂ ನಾನೂ ಒಪ್ಪಿ ಕೋರೆಗೆ ಕೊಟ್ಟದ್ದು. ನನ್ನ ಪಾಲಿಗೆ ಬಂದ ಮುಂಗಡ ಹಣ ನಾನು ಡೊಂಬಿವಲಿಯಲ್ಲಿ ಕೊಂಡ ಫ್ಲಾಟಿನ ಮಾರ್ಜಿನ್ ಹಣಕ್ಕೆ ಹೋಯಿತು. ಪ್ರತಿ ಮೇ ತಿಂಗಳಲ್ಲೂ ನಾನು ಆ ಕೆಂಪನ್ನು ನೋಡುತ್ತಲೇ ಇದ್ದೆ, ನನ್ನ ಕೈಯಾರೆ ಚಿತ್ರವನ್ನೂ ತೆಗೆಯುತ್ತಿದ್ದೆ. ಹಿಂದಿನ ವರ್ಷಕ್ಕಿಂತ ಒಂದಿಷ್ಟು ಹೆಚ್ಚಾದದ್ದು ಕಣ್ಣಿಗೆ ಹತ್ತಲಿಲ್ಲ. ಖಾತೆಯಲ್ಲಿ ದಿನಕ್ಕೆ ಹತ್ತು ರೂಪಾಯಿ ಕಡಿಮೆಯಾದರೆ ಗಿರಾಕಿಗೆ ತಿಳಿಯುವುದಿಲ್ಲ, ವರ್ಷದ ಪಾಸ್‌ಬುಕ್ ಮುಂದಿಟ್ಟಾಗ ಎದೆ ಧಸಕ್ ಎನ್ನುತ್ತದೆ. ಅಂದು ನನಗಾದದ್ದೂ ಅದೇ.

ಜಗಲಿಯಲ್ಲಿ ನಡೆದ ಮಾತು

2022ರ ಅದೇ ಮೇ ತಿಂಗಳಲ್ಲಿ ಕೋರೆಯವರು ಗುಡ್ಡೆಯ ಉಳಿದ ಭಾಗವನ್ನೂ ಕೇಳಿಕೊಂಡು ಬಂದಿದ್ದರು. ರಾತ್ರಿ ಊಟದ ನಂತರ ಜಗಲಿಯಲ್ಲಿ ಕುಳಿತಾಗ ನಾನು ಬೇಡ ಎಂದೆ. ಎಂಬತ್ತು ದಾಟಿದ ಅಮ್ಮ, 'ಗುಡ್ಡೆ ಎಲ್ಲಿಗ್ ಹೋತ್ತ್ ಮಗಾ? ಇದ್ದಲ್ಲೇ ಇತ್ತ್' ಎಂದರು. ಅಣ್ಣನ ಮಗ ಏನೂ ಮಾತಾಡದೆ ಮೊಬೈಲಿನಲ್ಲಿ ಆ ಚಿತ್ರಗಳ ಸಾಲನ್ನು ಹಚ್ಚಿ ಅವರ ಕೈಗೆ ಕೊಟ್ಟ.

ಅಮ್ಮ ಗುಡ್ಡೆಯನ್ನು ನೋಡಲಿಲ್ಲ. 'ಇವ್ರ್ ಇದ್ರಲೆ!' ಎಂದು ಅಪ್ಪಯ್ಯನನ್ನು ನೋಡಿದರು. ಮತ್ತೊಮ್ಮೆ ಹಚ್ಚಲು ಹೇಳಿದರು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರ ಬೆರಳು ಗುಡ್ಡೆಯ ಕಡೆ ಹೋಯಿತು. ಆಮೇಲೆ ಅವರು ಏನೂ ಹೇಳಲಿಲ್ಲ.

ಮಾತಾಡಿದ್ದು ಅಣ್ಣಯ್ಯ. 'ನಿಂಗ್ ತಿಂಗಳ್ ತಿಂಗಳ್ ಸಂಬಳ ಇತ್ತ್. ವರ್ಷಕ್ಕೊಂದ್ ಪಟ ತೆಗ್ದ್ ಹೋತೆ. ನಂಗೆ ಈ ಜಾಗವೇ ಸಂಬಳ' ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಬಾವಿಕಟ್ಟೆಯಲ್ಲಿ ನಿಂತು ಚಿತ್ರ ತೆಗೆಯುವವನು ಆ ಚಿತ್ರದ ಒಳಗೆ ಇರುವುದಿಲ್ಲ. ಒಳಗೆ ಇರುವವರು ಅಲ್ಲೇ ಬದುಕಬೇಕಾದವರು. ನಿಸರ್ಗದ ಚಿತ್ರ ತೆಗೆಯುವ ನಾವೆಲ್ಲ ಇದನ್ನು ಮರೆಯಬಾರದು ಎಂದು ನಾನು ಅಂದಿನಿಂದ ನೆನಪಿಟ್ಟುಕೊಂಡಿದ್ದೇನೆ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಬಾವಿಯಲ್ಲಿ ಮೊದಲೆಲ್ಲ ಮೇ ಕೊನೆಯ ತನಕ ನೀರಿರುತ್ತಿತ್ತು, ಈಗ ಏಪ್ರಿಲಿಗೇ ತಳ ಕಾಣುತ್ತದೆ. ಕೆಂಪುಕಲ್ಲಿನ ಗುಡ್ಡ ಮಳೆನೀರನ್ನು ಹೀರಿ ಇಟ್ಟುಕೊಳ್ಳುವುದು ನಿಜ. ಆದರೆ ಸುತ್ತಲೂ ಕೊಳವೆಬಾವಿಗಳೂ ಬಂದಿವೆ, ಗದ್ದೆಯಲ್ಲಿ ನೀರು ನಿಲ್ಲುವುದೂ ನಿಂತಿದೆ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಕ್ಯಾಮರಾ ಹೇಳುತ್ತದೆ. ಯಾವುದರಿಂದ ಯಾವುದಾಯಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ನಾವೇ ಕುಳಿತು ಯೋಚಿಸಬೇಕು.

ಯೋಚಿಸಿದೆವು. ಉಳಿದ ಭಾಗವನ್ನು ಕೊಡುವುದು ಬೇಡ ಎಂದಾಯಿತು. ಅದರ ನಷ್ಟ ಅಣ್ಣಯ್ಯ ಒಬ್ಬರ ಮೇಲೆ ಬೀಳಬಾರದೆಂದು ಅಡಿಕೆ ತೋಟದ ಖರ್ಚಿನ ಅರ್ಧವನ್ನು ನಾನು ವರ್ಷವೂ ಕಳುಹಿಸುತ್ತೇನೆ. ಇದು ದೊಡ್ಡಸ್ತಿಕೆಯಲ್ಲ, ಹಳೆಯ ಬಾಕಿಯ ಕಂತು. ಕಡಿದ ಗುಡ್ಡೆ ಮರಳಿ ಬರುವುದಿಲ್ಲ. 2023ರಿಂದೀಚೆಗಿನ ಮೂರು ಚಿತ್ರಗಳಲ್ಲಿ ಕೆಂಪಿನ ಅಂಚಿಗೆ ಒಂದಿಷ್ಟು ಹಸಿರು ಹತ್ತಿದೆ. ಅದು ಎಷ್ಟು ಮುಂದೆ ಬರುತ್ತದೆ ಎಂಬುದನ್ನು ಮುಂದಿನ ಚಿತ್ರಗಳು ಹೇಳಬೇಕು.

ಸಂಘದ ಬಂಧುಗಳಲ್ಲಿ ಒಂದು ವಿನಂತಿ

ಇಂದು ಆಕಾಶದಿಂದಲೂ ಈ ಕೆಲಸ ನಡೆಯುತ್ತಿದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸರಣಿ 1972ರಲ್ಲಿ ಆರಂಭವಾಯಿತು. 1984ರಿಂದೀಚಿನ ಉಪಗ್ರಹ ಚಿತ್ರಗಳನ್ನು ಗೂಗಲ್ ಅರ್ತ್‌ನಲ್ಲಿ ವರ್ಷದಿಂದ ವರ್ಷಕ್ಕೆ ಓಡಿಸಿ ನೋಡಬಹುದು. ಅರಲ್ ಸಮುದ್ರ ಬತ್ತುವುದನ್ನು ಅಲ್ಲಿ ಕಾಣಬಹುದು. ನವಿ ಮುಂಬಯಿ ಬೆಳೆದದ್ದನ್ನೂ ಕಾಣಬಹುದು. ಅಲ್ಲಿನ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಒಡೆದು ಸಮತಟ್ಟು ಮಾಡಿ, ಉಲ್ವೆ ನದಿಯನ್ನೇ ತಿರುಗಿಸಿದ್ದು ಆ ಭಾಗದ ನಮ್ಮವರಿಗೆಲ್ಲ ತಿಳಿದದ್ದೇ. ನಮ್ಮ ಗುಡ್ಡೆಯೂ ಅದರಲ್ಲಿ ಒಂದು ಕೆಂಪು ಚುಕ್ಕೆಯಾಗಿ ಕಂಡಿತು. ಆದರೆ ಉಪಗ್ರಹಕ್ಕೆ ಅಪ್ಪಯ್ಯ ಕಾಣುವುದಿಲ್ಲ. ಅದಕ್ಕೆ ಬಾವಿಕಟ್ಟೆಯಲ್ಲಿ ನಿಂತವರೇ ಬೇಕು.

ಆದ್ದರಿಂದ ಊರಿಗೆ ಹೋಗುವ ಪ್ರತಿಯೊಬ್ಬರೂ ವರ್ಷಕ್ಕೆ ಒಂದೇ ಒಂದು ಚಿತ್ರ ತೆಗೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಮೊಬೈಲ್ ಸಾಕು, ದುಬಾರಿ ಕ್ಯಾಮರಾ ಬೇಡ. ಕೆಲವು ನಿಯಮಗಳು ಮಾತ್ರ ಇವೆ. ನಿಲ್ಲುವ ಜಾಗ ಒಂದೇ ಇರಲಿ. ಬಾವಿಕಟ್ಟೆ, ದೇವಸ್ಥಾನದ ಮೆಟ್ಟಿಲು, ಸೇತುವೆಯ ಕಂಬ, ಹೀಗೆ ಸುಲಭವಾಗಿ ಅಳಿಯದ ಗುರುತು ಹಿಡಿಯಿರಿ. ಝೂಮ್ ಮಾಡಬೇಡಿ. ಹೊತ್ತು ಒಂದೇ ಇರಲಿ, ಬೆಳಗ್ಗೆ ಎಂಟು ಎಂದರೆ ಪ್ರತಿ ವರ್ಷ ಎಂಟು. ಹಿಂದಿನ ವರ್ಷದ ಚಿತ್ರವನ್ನು ಕೈಯಲ್ಲಿ ಹಿಡಿದು, ಮಾಡಿನ ತುದಿ, ಗುಡ್ಡೆಯ ಗೆರೆ ಹೊಂದುವ ತನಕ ಹಿಂದೆ ಮುಂದೆ ಸರಿಯಿರಿ. ತಾರೀಕು ಬರೆದಿಡಿ. ಚಂದ ಕಾಣಲೆಂದು ವಿದ್ಯುತ್ ಕಂಬವನ್ನೋ ಪ್ಲಾಸ್ಟಿಕ್ ರಾಶಿಯನ್ನೋ ಚೌಕಟ್ಟಿನಿಂದ ಹೊರಗಿಡಬೇಡಿ, ಅದೂ ಲೆಕ್ಕಕ್ಕೆ ಸೇರಿದ್ದೇ. ಮನೆಯ ಹಳೆಯ ಆಲ್ಬಮ್ಮಿನಲ್ಲಿ ಅಜ್ಜ ಅಜ್ಜಿಯರ ಹಿಂದೆ ಯಾವುದಾದರೂ ಗುಡ್ಡ, ಹೊಳೆ ಕಂಡರೆ ಅಲ್ಲಿಗೇ ಹೋಗಿ ಮತ್ತೆ ತೆಗೆಯಿರಿ. ಅಮೆರಿಕದಲ್ಲಿ 1977ರಿಂದ 79ರ ವರೆಗೆ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು ನೂರು ವರ್ಷ ಹಿಂದಿನ ಸರ್ವೇ ಚಿತ್ರಗಳನ್ನು ಹಿಡಿದು, ಅವೇ ಜಾಗಗಳಲ್ಲಿ ನಿಂತು ಹೀಗೆ ಮರುಚಿತ್ರ ತೆಗೆದಿದ್ದಾರೆ. ನಮ್ಮಿಂದಲೂ ಆಗದ್ದೇನಲ್ಲ.

ನಮ್ಮ ಸಂಘಗಳು ರಂಗೋಲಿ ಸ್ಪರ್ಧೆ, ಭಾವಗೀತೆ ಸ್ಪರ್ಧೆ ನಡೆಸುತ್ತವೆ, ಸಂತೋಷ. ಸದಸ್ಯರ ಊರಿನ ಇಂಥ ಚಿತ್ರಗಳನ್ನು ವರ್ಷಕ್ಕೊಮ್ಮೆ ಸೇರಿಸಿಡುವ ಒಂದು ಕಪಾಟನ್ನೂ ಇಟ್ಟರೆ ಹತ್ತು ವರ್ಷಗಳಲ್ಲಿ ನಮ್ಮ ಕರಾವಳಿಯ, ಮಲೆನಾಡಿನ, ಬಯಲುಸೀಮೆಯ ಒಂದು ಪಾಸ್‌ಬುಕ್ ಸಿದ್ಧವಾಗುತ್ತದೆ. 'ಊರು ಹೇಗಿದೆ?' ಎಂದು ಯಾರಾದರೂ ಕೇಳಿದರೆ ಬಾಯಿಮಾತಿನ ಬದಲು ಅದನ್ನು ತೆರೆದು ತೋರಿಸಬಹುದು.

ಬರುವ ಮೇ ತಿಂಗಳಿಗೆ ರೈಲಿನ ಟಿಕೆಟ್ ಮಾಡಿಸಬೇಕು. ಈ ಸಲ ಬಾವಿಕಟ್ಟೆಯಲ್ಲಿ ಅಣ್ಣನ ಮಗ ನಿಲ್ಲಲಿ, ಗದ್ದೆಯಂಚಿನ ಆ ಜಾಗದಲ್ಲಿ ಅಣ್ಣಯ್ಯನೂ ನಾನೂ ನಿಲ್ಲೋಣ ಎಂದು ಮಾತಾಡಿಕೊಂಡಿದ್ದೇವೆ. ಬಿಸಿಲು ಏರುವ ಮೊದಲು ತೆಗೆದು ಮುಗಿಸಬೇಕು ಎಂದು ಅಮ್ಮ ಈಗಲೇ ಹೇಳಿಟ್ಟಿದ್ದಾರೆ.